ನೀರಿನ ಟ್ಯಾಂಕಿನಿಂದ ರೋಬೋಟಿನವರೆಗೆ: ಹೈಸ್ಕೂಲು ಮಕ್ಕಳಿಗೆ ಕೈಕೆಲಸದ ಮೂಲಕ ರೋಬೋಟಿಕ್ಸ್ ಮತ್ತು ಕೋಡಿಂಗ್ ಕಲಿಸುವ ಬಗೆ

ಹದಿಮೂರರಿಂದ ಹದಿನೇಳರ ವಯಸ್ಸಿನ ಮಕ್ಕಳಿಗೆ ರೋಬೋಟಿಕ್ಸ್ ಕಲಿಸಬೇಕೆಂದು ಹೊರಡುವ ಶಾಲೆಗಳೂ ಪೋಷಕರೂ ಸಾಮಾನ್ಯವಾಗಿ ಮೊದಲು ಮಾಡುವ ಕೆಲಸವೆಂದರೆ ಒಂದು ಕಿಟ್ ಕೊಳ್ಳುವುದು. ಡಬ್ಬಿಯೊಳಗಿನ ಪುಸ್ತಿಕೆಯಲ್ಲಿ ಹೇಳಿದಂತೆ ಸ್ಕ್ರೂ ಬಿಗಿದು, ಯಾರೋ ಬರೆದಿಟ್ಟ ಪ್ರೋಗ್ರಾಂ ತುಂಬಿಸಿದರೆ ಗಾಡಿ ಓಡುತ್ತದೆ, ಮಕ್ಕಳು ಖುಷಿಪಡುತ್ತಾರೆ. ಆದರೆ ಅದು ಏಕೆ ಓಡಿತು ಎಂದು ಕೇಳಿದರೆ ಉತ್ತರ ಬರುವುದಿಲ್ಲ. ನಿಂತುಹೋದರೆ ಎಲ್ಲಿ ಕೈ ಹಾಕಬೇಕೆಂದು ತೋಚುವುದಿಲ್ಲ. ಮಂಡ್ಯ ಜಿಲ್ಲೆಯ ಹೈಸ್ಕೂಲು ಮಕ್ಕಳ ಜೊತೆ ವಾರಾಂತ್ಯಗಳಲ್ಲಿ ಕುಳಿತು ಕೆಲಸ ಮಾಡುತ್ತ ನನಗೆ ಮನವರಿಕೆಯಾಗಿರುವ ಸಂಗತಿ ಇದು: ಮಗು ತನಗೆ ಮೊದಲೇ ಚೆನ್ನಾಗಿ ಗೊತ್ತಿರುವ ಒಂದು ತೊಂದರೆಯಿಂದ ಹೊರಟು, ತನ್ನ ಕೈಯಿಂದಲೇ ತಂತಿ ಜೋಡಿಸಿ, ಕೆಟ್ಟಾಗ ತಾನೇ ಕಾರಣ ಹುಡುಕಿದರೆ ಆ ಕಲಿಕೆ ಉಳಿಯುತ್ತದೆ. ನಮ್ಮ ಕಡೆ ಅಂತಹ ತೊಂದರೆಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಸಂಪಿನಿಂದ ಮೇಲಿನ ಟ್ಯಾಂಕಿಗೆ ಮೋಟರು ಹಾಕಿ ಮರೆತು, ನೀರು ತುಂಬಿ ತಾರಸಿಯಿಂದ ಬೀದಿಗೆ ಸುರಿಯುವುದನ್ನು ಮೈಸೂರು, ಮಂಡ್ಯಗಳಲ್ಲಿ ಬೆಳೆದ ಯಾವ ಮಗು ತಾನೇ ನೋಡಿಲ್ಲ? ಆ ಟ್ಯಾಂಕನ್ನೇ ಹಿಡಿದು, ಕೋಡ್ ಇಲ್ಲದ ಒಂದು ಸರ್ಕಿಟ್‌ನಿಂದ ತೊಡಗಿ, ಗೆರೆ ಹಿಡಿದು ಓಡುವ ಪುಟ್ಟ ಗಾಡಿಯವರೆಗೆ ಹೋಗುವ ದಾರಿಯನ್ನು ಇಲ್ಲಿ ವಿವರಿಸಿದ್ದೇನೆ. ಇದನ್ನು ನಡೆಸಲು ಎಂಜಿನಿಯರ್ ಆಗಿರಬೇಕಾಗಿಲ್ಲ. ಮೊದಲು ತಾನೊಮ್ಮೆ ಮಾಡಿ ನೋಡುವ ತಾಳ್ಮೆಯುಳ್ಳ ಮೇಷ್ಟ್ರಾಗಲಿ, ತಂದೆತಾಯಿಯಾಗಲಿ, ಎಂಜಿನಿಯರಿಂಗ್ ಓದುತ್ತಿರುವ ಅಣ್ಣ ಅಕ್ಕಂದಿರಾಗಲಿ ಸಾಕು.

ತಂತಿ ಮುಟ್ಟುವ ಮೊದಲು

ಮೊದಲ ದಿನ ಯಾವ ಸಾಮಾನನ್ನೂ ಮೇಜಿನ ಮೇಲೆ ಇಡಬೇಡಿ. ರೋಬೋಟ್ ಎಂದರೆ ಮನುಷ್ಯನ ಆಕಾರದ ಯಂತ್ರ ಎಂಬ ಕಲ್ಪನೆ ಸಿನಿಮಾಗಳಿಂದ ಬಂದು ಮಕ್ಕಳ ತಲೆಯಲ್ಲಿ ಕುಳಿತಿರುತ್ತದೆ. ಅದನ್ನು ಬಿಡಿಸಲು ಊರಿನ ನೀರುಗಂಟಿಯ ಕೆಲಸವನ್ನು ನೆನಪಿಸಿದರೆ ಸಾಕಾಗುತ್ತದೆ. ನೀರುಗಂಟಿ ಮೊದಲು ಕೆರೆಯಲ್ಲಿ ಎಷ್ಟು ನೀರಿದೆ, ಯಾರ ಗದ್ದೆ ಒಣಗಿದೆ ಎಂದು ನೋಡುತ್ತಾನೆ. ಆಮೇಲೆ ಯಾರಿಗೆ ಎಷ್ಟು ಬಿಡಬೇಕೆಂದು ತೀರ್ಮಾನಿಸುತ್ತಾನೆ. ಕೊನೆಗೆ ತೂಬು ಎತ್ತುತ್ತಾನೆ. ನೋಡುವುದು, ತೀರ್ಮಾನಿಸುವುದು, ಮಾಡುವುದು ಎಂಬ ಈ ಮೂರು ಕೆಲಸಗಳನ್ನು ತಾನಾಗಿ, ಮತ್ತೆ ಮತ್ತೆ ಮಾಡುವ ಯಾವ ಯಂತ್ರವನ್ನಾದರೂ ರೋಬೋಟ್ ಎಂದು ಸದ್ಯಕ್ಕೆ ಒಪ್ಪಿಕೊಳ್ಳೋಣ ಎಂದು ಮಕ್ಕಳಿಗೆ ಹೇಳಿ. ನೋಡುವ ಭಾಗಕ್ಕೆ ಸೆನ್ಸರ್, ತೀರ್ಮಾನಿಸುವ ಭಾಗಕ್ಕೆ ಪ್ರೋಗ್ರಾಂ, ಮಾಡುವ ಭಾಗಕ್ಕೆ ಮೋಟರು ಅಥವಾ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್) ಎಂಬ ಹೆಸರುಗಳನ್ನು ಆಮೇಲೆ ಕೊಟ್ಟರಾಯಿತು.

ವಿದ್ಯುತ್ ಇಲ್ಲದೆಯೂ ಈ ಮೂರನ್ನು ಮಾಡಬಹುದು ಎಂಬುದಕ್ಕೆ ನಮ್ಮ ಕಣ್ಣೆದುರೇ ಸಾಕ್ಷಿ ಇದೆ. ನೀರಿನ ಮಟ್ಟ ಏರಿದಾಗ ತಾನೇ ತೆರೆದುಕೊಂಡು, ಇಳಿದಾಗ ತಾನೇ ಮುಚ್ಚಿಕೊಳ್ಳುವ ಸ್ವಯಂಚಾಲಿತ ಗೇಟುಗಳನ್ನು ವಿಶ್ವೇಶ್ವರಯ್ಯನವರು ರೂಪಿಸಿ, 1903ರಲ್ಲಿ ಪುಣೆ ಸಮೀಪದ ಖಡಕ್‌ವಾಸ್ಲಾ ಜಲಾಶಯದಲ್ಲಿ ಮೊದಲು ಅಳವಡಿಸಿದರು. ಮುಂದೆ ಕೃಷ್ಣರಾಜಸಾಗರಕ್ಕೂ ಅಂತಹ ಗೇಟುಗಳು ಬಂದವು. ಅಲ್ಲಿ ನೋಡುವುದೂ ನೀರೇ, ಗೇಟನ್ನು ಸರಿಸುವ ಶಕ್ತಿಯೂ ನೀರಿನದೇ. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಪುಟ್ಟ ಸೈನಿಕರ ಸಾಲು ನಡೆಯುವಂತೆ ಮಾಡಿದ ಫ್ರೆಂಚ್ ಗಡಿಯಾರವೊಂದಿದೆ. ಅದು ಮಾಡಬೇಕಾದ ಕೆಲಸದ ಕ್ರಮವೆಲ್ಲ ಹಲ್ಲುಗಾಲಿಗಳಲ್ಲೇ ಅಡಗಿದೆ. ಮೈಸೂರಿನ ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗುವುದು ಒಳ್ಳೆಯದು. ಗೇಟು ಸುತ್ತಲಿನ ಸ್ಥಿತಿಯನ್ನು ನೋಡಿ ನಡೆಯುತ್ತದೆ, ಗಡಿಯಾರ ಏನನ್ನೂ ನೋಡದೆ ತನ್ನ ಪಾಡಿಗೆ ನಡೆಯುತ್ತದೆ ಎಂಬ ವ್ಯತ್ಯಾಸವನ್ನು ಮಕ್ಕಳ ಬಾಯಿಂದಲೇ ಬರಿಸಿ.

ಆ ದಿನದ ಮನೆಗೆಲಸವಾಗಿ, ಮನೆಯಲ್ಲೂ ಹೊಲದಲ್ಲೂ ತಾನಾಗಿ ಏನನ್ನಾದರೂ ಮಾಡುವ ವಸ್ತುಗಳನ್ನು ಪಟ್ಟಿ ಮಾಡಿ, ಪ್ರತಿಯೊಂದೂ ಏನನ್ನು ನೋಡುತ್ತದೆ, ಏನು ಮಾಡುತ್ತದೆ ಎಂದು ಬರೆದು ತರಲು ಹೇಳಿ. ಪಂಪ್‌ಸೆಟ್‌ನ ಆಟೋ ಸ್ಟಾರ್ಟರ್, ಮೊಬೈಲ್ ಸ್ಟಾರ್ಟರ್, ಇಸ್ತ್ರಿಪೆಟ್ಟಿಗೆ, ಫ್ರಿಜ್ ಎಲ್ಲ ಆ ಪಟ್ಟಿಯಲ್ಲಿ ಬರುತ್ತವೆ. ಹಳ್ಳಿಯ ಮಕ್ಕಳ ಪಟ್ಟಿ ಪಟ್ಟಣದ ಮಕ್ಕಳ ಪಟ್ಟಿಗಿಂತ ಉದ್ದವಾಗಿರುವುದನ್ನು ನಾನು ಹಲವು ಸಲ ಕಂಡಿದ್ದೇನೆ. ತ್ರೀ ಫೇಸ್ ಕರೆಂಟು ಬಂದ ಕೂಡಲೇ ಆಟೋ ಸ್ಟಾರ್ಟರ್ ತಕ್ಷಣ ಮೋಟರು ಹಾಕದೆ ಸ್ವಲ್ಪ ಹೊತ್ತು ಕಾಯುವುದೇಕೆ ಎಂದು ಅವರಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆಯನ್ನು ಹಲಗೆಯ ಮೂಲೆಯಲ್ಲಿ ಬರೆದಿಟ್ಟುಕೊಂಡರೆ ಮುಂದೆ ಪಂಪಿನ ಕೋಡ್ ಬರೆಯುವಾಗ ಉಪಯೋಗಕ್ಕೆ ಬರುತ್ತದೆ.

ಚುಕ್ಕಿ ಹಾಳೆಯ ಮೇಲೆ ಮೊದಲ ಪ್ರೋಗ್ರಾಂ

ಕೋಡಿಂಗ್ ಎಂದರೆ ಕಂಪ್ಯೂಟರ್ ಎದುರು ಕೂರುವುದೇ ಆಗಬೇಕಾಗಿಲ್ಲ. ಐದು ಸಾಲು, ಐದು ಚುಕ್ಕಿಯ ಹಾಳೆಯೊಂದನ್ನು ಇಬ್ಬರು ಮಕ್ಕಳಿಗೆ ಕೊಟ್ಟು, ಅವರನ್ನು ಬೆನ್ನಿಗೆ ಬೆನ್ನು ತಾಗಿಸಿ ಕೂರಿಸಿ. ಒಬ್ಬರ ಬಳಿ ಸರಳವಾದ ಒಂದು ರಂಗೋಲಿ ಇರುತ್ತದೆ. ಇನ್ನೊಬ್ಬರ ಬಳಿ ಖಾಲಿ ಚುಕ್ಕಿಗಳು ಮಾತ್ರ. ಹೇಳುವವರು ‘ಒಂದು ಚುಕ್ಕಿ ಮುಂದೆ ಹೋಗು’, ‘ಬಲಕ್ಕೆ ತಿರುಗು’, ‘ಎಡಕ್ಕೆ ತಿರುಗು’ ಎಂಬ ಮೂರೇ ಆಜ್ಞೆಗಳನ್ನು ಬಳಸಬೇಕು. ಕೇಳುವವರು ಪ್ರಶ್ನೆ ಕೇಳುವಂತಿಲ್ಲ, ಊಹೆ ಮಾಡುವಂತಿಲ್ಲ, ಹೇಳಿದ್ದನ್ನಷ್ಟೇ ಗೀಚಬೇಕು. ಮೊದಲ ಯತ್ನದಲ್ಲಿ ರಂಗೋಲಿ ಬಹುತೇಕ ಹಾಳಾಗುತ್ತದೆ, ಏಕೆಂದರೆ ಶುರುವಿನಲ್ಲಿ ಪೆನ್ಸಿಲ್ ಯಾವ ಚುಕ್ಕಿಯ ಮೇಲಿರಬೇಕು, ಯಾವ ಕಡೆ ಮುಖ ಮಾಡಿರಬೇಕು ಎಂಬುದನ್ನು ಹೇಳುವವರು ಮರೆತಿರುತ್ತಾರೆ. ಕಂಪ್ಯೂಟರಿಗೆ ಎಲ್ಲವನ್ನೂ ಬಿಡಿಸಿ ಹೇಳಬೇಕೆಂಬ ಪಾಠವನ್ನು ನೀವು ಉಪನ್ಯಾಸದಲ್ಲಿ ಹೇಳುವುದಕ್ಕಿಂತ ಆ ಕೆಟ್ಟ ರಂಗೋಲಿ ಚೆನ್ನಾಗಿ ಹೇಳುತ್ತದೆ.

ಚೌಕ ಬರೆಯಲು ‘ಮುಂದೆ ಹೋಗು, ಬಲಕ್ಕೆ ತಿರುಗು’ ಎಂದು ನಾಲ್ಕು ಸಲ ಹೇಳಬೇಕಾದಾಗ, ‘ಇದನ್ನು ನಾಲ್ಕು ಸಲ ಮಾಡು’ ಎಂಬ ನಾಲ್ಕನೆಯ ಆಜ್ಞೆಯನ್ನು ಮಕ್ಕಳೇ ಕೇಳಿ ಪಡೆಯುತ್ತಾರೆ. ಅದೇ ಲೂಪ್. 1967ರಲ್ಲಿ ಸೀಮೋರ್ ಪ್ಯಾಪರ್ಟ್ ಮತ್ತು ಅವರ ಸಂಗಡಿಗರು ಮಕ್ಕಳಿಗಾಗಿ ರೂಪಿಸಿದ ಲೋಗೋ ಭಾಷೆ ಮುಂದೆ ಇಂತಹ ‘ಮುಂದೆ ಹೋಗು, ತಿರುಗು’ ಆಜ್ಞೆಗಳಿಂದ ಆಮೆಯೊಂದನ್ನು ನಡೆಸಿ ಚಿತ್ರ ಬರೆಸುವುದಕ್ಕಾಗಿಯೇ ಹೆಸರಾಯಿತು. ಲ್ಯಾಪ್‌ಟಾಪ್ ಇದ್ದರೆ ಆ ರಂಗೋಲಿಯನ್ನೇ ಆಜ್ಞೆಗಳ ತುಂಡುಗಳನ್ನು (ಬ್ಲಾಕ್) ಎಳೆದು ಜೋಡಿಸುವ ಸ್ಕ್ರ್ಯಾಚ್ ಭಾಷೆಯ ಪೆನ್ ಬ್ಲಾಕ್‌ಗಳಲ್ಲಿ ಅಥವಾ ಟೈಪ್ ಮಾಡಿ ಬರೆಯುವ ಪೈಥಾನ್ ಭಾಷೆಯ ಟರ್ಟಲ್‌ನಲ್ಲಿ ಬರೆಸಿ ನೋಡಿ. ಎಂಟನೆಯ ತರಗತಿಯವರಿಗೆ ಸ್ಕ್ರ್ಯಾಚ್ ಹಿತವಾಗುತ್ತದೆ. ಒಂಬತ್ತು, ಹತ್ತರವರನ್ನು ಬ್ಲಾಕ್‌ಗಳಲ್ಲಿ ಬಹಳ ದಿನ ನಿಲ್ಲಿಸಬೇಡಿ, ಅದು ಚಿಕ್ಕ ಮಕ್ಕಳ ಆಟ ಎಂದು ಅವರಿಗೆ ಬೇಗನೆ ಅನ್ನಿಸಿಬಿಡುತ್ತದೆ.

ಕೋಡ್ ಇಲ್ಲದ ಟ್ಯಾಂಕ್ ಸೂಚಕ

ಈಗ ನೀರಿಗೆ ಬರೋಣ. ಬೇಕಾಗುವುದು ಒಂದು 9 ವೋಲ್ಟ್ ಬ್ಯಾಟರಿ, ಬಿಸಿ 547 ಟ್ರಾನ್ಸಿಸ್ಟರ್, ಎಲ್‌ಇಡಿ, 470 ಓಮ್ ಮತ್ತು 1 ಕಿಲೋ ಓಮ್‌ನ ಒಂದೊಂದು ರೆಸಿಸ್ಟರ್ (ಕರೆಂಟನ್ನು ಮಿತಿಯಲ್ಲಿಡುವ ಭಾಗ), ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ತಂತಿ ಚುಚ್ಚಿ ಜೋಡಿಸುವ ರಂಧ್ರಗಳ ಹಲಗೆ), ತುದಿ ಸುಲಿದ ತಂತಿಗಳು ಮತ್ತು ಒಂದು ಲೋಟ ನೀರು. ಟ್ರಾನ್ಸಿಸ್ಟರಿನ ಚಪ್ಪಟೆ ಮುಖವನ್ನು ನಮ್ಮ ಕಡೆ ತಿರುಗಿಸಿ, ಕಾಲುಗಳನ್ನು ಕೆಳಗೆ ಮಾಡಿ ಹಿಡಿದರೆ ಎಡದಿಂದ ಬಲಕ್ಕೆ ಕಲೆಕ್ಟರ್, ಬೇಸ್, ಎಮಿಟರ್ ಎಂಬ ಕ್ರಮದಲ್ಲಿರುತ್ತವೆ. ಬ್ಯಾಟರಿಯ ಪಾಸಿಟಿವ್‌ನಿಂದ 470 ಓಮ್ ರೆಸಿಸ್ಟರ್, ಅದರಿಂದ ಎಲ್‌ಇಡಿಯ ಉದ್ದ ಕಾಲು, ಎಲ್‌ಇಡಿಯ ಗಿಡ್ಡ ಕಾಲಿನಿಂದ ಕಲೆಕ್ಟರ್. ಎಮಿಟರ್‌ನಿಂದ ನೇರವಾಗಿ ಬ್ಯಾಟರಿಯ ನೆಗೆಟಿವ್. ಪಾಸಿಟಿವ್‌ನಿಂದ ಇನ್ನೊಂದು ತಂತಿಯನ್ನು ಲೋಟದ ತಳಕ್ಕೆ ಇಳಿಬಿಡಿ. ಬೇಸ್‌ಗೆ 1 ಕಿಲೋ ಓಮ್ ರೆಸಿಸ್ಟರ್ ಜೋಡಿಸಿ, ಅದರ ಇನ್ನೊಂದು ತುದಿಯಿಂದ ಹೊರಟ ತಂತಿಯನ್ನು ಲೋಟದ ಕಂಠದ ಬಳಿ ನಿಲ್ಲಿಸಿ. ನೀರು ಸುರಿಯುತ್ತ ಹೋದಂತೆ ಅದು ಮೇಲಿನ ತಂತಿಯನ್ನು ಮುಟ್ಟಿದ ಕ್ಷಣ ಎಲ್‌ಇಡಿ ಹೊತ್ತಿಕೊಳ್ಳುತ್ತದೆ. ನೀರಿನ ಮೂಲಕ ಹರಿದ ಅತ್ಯಲ್ಪ ಕರೆಂಟನ್ನು ಟ್ರಾನ್ಸಿಸ್ಟರ್ ನೂರಾರು ಪಟ್ಟು ಹಿಗ್ಗಿಸಿ ಎಲ್‌ಇಡಿಗೆ ಸಾಕಾಗುವಷ್ಟು ಮಾಡುತ್ತದೆ.

ದಯವಿಟ್ಟು ಇಲ್ಲಿಗೆ ಮುಗಿಸಿ ಮುಂದಕ್ಕೆ ಓಡಬೇಡಿ. ಈ ಲೋಟದಲ್ಲಿ ಒಂದು ಇಡೀ ಮಧ್ಯಾಹ್ನಕ್ಕಾಗುವಷ್ಟು ವಿಜ್ಞಾನವಿದೆ. ಆರ್‌ಓ ನೀರು, ನಲ್ಲಿಯಲ್ಲಿ ಬರುವ ಕಾವೇರಿ ನೀರು, ಬೋರ್‌ವೆಲ್ ನೀರು, ಒಂದು ಚಿಟಿಕೆ ಉಪ್ಪು ಕದಡಿದ ನೀರು ಎಂದು ನಾಲ್ಕು ಲೋಟ ಇಟ್ಟು, ಯಾವುದರಲ್ಲಿ ಎಲ್‌ಇಡಿ ಹೆಚ್ಚು ಪ್ರಕಾಶಮಾನವಾಗಿ ಬೆಳಗುತ್ತದೆ ಎಂದು ಮೊದಲು ಊಹಿಸಿ ಬರೆದುಕೊಳ್ಳಲು ಹೇಳಿ, ಆಮೇಲೆ ಪರೀಕ್ಷಿಸಲಿ. ನೀರಿನಲ್ಲಿ ಕರಗಿದ ಲವಣ ಹೆಚ್ಚಿದಷ್ಟೂ ಕರೆಂಟು ಸುಲಭವಾಗಿ ಹರಿಯುತ್ತದೆ. ಬೋರ್‌ವೆಲ್ ನೀರಿನಲ್ಲಿ ಸಾಮಾನ್ಯವಾಗಿ ಲವಣ ಹೆಚ್ಚು. ಮನೆಯಲ್ಲಿ ಅಮ್ಮ ಗಡಸು ನೀರು ಎನ್ನುವ ನೀರನ್ನು ಮಗು ಇಲ್ಲಿ ಬೆಳಕಿನ ಲೆಕ್ಕದಲ್ಲಿ ನೋಡುತ್ತದೆ. ಸರ್ಕಿಟ್ಟನ್ನು ಒಂದು ಗಂಟೆ ಹಾಗೆಯೇ ಬಿಟ್ಟರೆ ತಂತಿಗಳ ಸುತ್ತ ಸಣ್ಣ ಗುಳ್ಳೆಗಳು ಕಾಣಿಸಿಕೊಳ್ಳಬಹುದು. ಕೆಲವು ದಿನ ಬಿಟ್ಟರೆ ಪಾಸಿಟಿವ್ ಕಡೆಯ ತಾಮ್ರದ ತಂತಿ ಹಸಿರುಗಟ್ಟಿ ಸವೆಯುತ್ತ ಹೋಗುತ್ತದೆ. ಪಠ್ಯಪುಸ್ತಕದ ವಿದ್ಯುದ್ವಿಭಜನೆ ಇದೇ. ಹಾಗಾದರೆ ನೀರಿಗೆ ತಂತಿ ಮುಟ್ಟಿಸದೆ ಮಟ್ಟವನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆ ಆಗ ತಾನಾಗಿ ಹುಟ್ಟುತ್ತದೆ, ಮುಂದಿನ ಹೆಜ್ಜೆಗೆ ಕಾರಣ ಸಿಗುತ್ತದೆ.

ಬೋರ್ಡಿನ ಪರಿಚಯ

ಮುಂದಿನ ಹೆಜ್ಜೆಗೆ ಬೇಕಾದ, ಪ್ರೋಗ್ರಾಂ ತುಂಬಿಸಿ ಸೆನ್ಸರ್, ಮೋಟರುಗಳನ್ನು ನಡೆಸಬಲ್ಲ ಪುಟ್ಟ ಕಂಪ್ಯೂಟರಿನಂತಹ ಆರ್ಡುಯಿನೋ ಬೋರ್ಡು 2005ರಲ್ಲಿ ಇಟಲಿಯ ಇವ್ರೆಯಾ ಎಂಬ ಊರಿನಲ್ಲಿ, ಎಲೆಕ್ಟ್ರಾನಿಕ್ಸ್ ಓದಿರದ ವಿನ್ಯಾಸ ವಿದ್ಯಾರ್ಥಿಗಳಿಗಾಗಿ ಹುಟ್ಟಿತು. ಆದ್ದರಿಂದಲೇ ಮಕ್ಕಳಿಗೆ ಒಗ್ಗುತ್ತದೆ. ಅದರ ಊನೋ ಮಾದರಿಯಲ್ಲಿ ತಂತಿ ಜೋಡಿಸಲು 14 ಡಿಜಿಟಲ್ (ಆನ್, ಆಫ್ ಎಂಬ ಎರಡೇ ಸ್ಥಿತಿಯ) ಪಿನ್‌ಗಳೂ 6 ಅನಲಾಗ್ (ಏರಿಳಿಯುವ ವೋಲ್ಟೇಜನ್ನು ಓದುವ) ಪಿನ್‌ಗಳೂ ಇರುತ್ತವೆ. ಅದರ ವಿನ್ಯಾಸ ಎಲ್ಲರಿಗೂ ಮುಕ್ತವಾಗಿರುವುದರಿಂದ ಬೇರೆ ಕಂಪನಿಗಳು ತಯಾರಿಸುವ ಅಗ್ಗದ ಬೋರ್ಡುಗಳು ಅಂಗಡಿಯಲ್ಲೂ ಆನ್‌ಲೈನ್‌ನಲ್ಲೂ ಸಿಗುತ್ತವೆ, ಕಲಿಕೆಗೆ ಅವು ಸಾಕು. ಆದರೆ ಅಂತಹ ಹಲವು ಬೋರ್ಡುಗಳಲ್ಲಿ ಸಿಎಚ್ 340 ಎಂಬ ಯುಎಸ್‌ಬಿ ಚಿಪ್ ಇರುವುದರಿಂದ, ಕೆಲವು ಕಂಪ್ಯೂಟರುಗಳಲ್ಲಿ ಅದರ ಡ್ರೈವರ್ ಎಂಬ ಸಾಫ್ಟ್‌ವೇರ್ ಹಾಕುವವರೆಗೂ ಬೋರ್ಡ್ ಕಾಣಿಸುವುದಿಲ್ಲ. ಈ ಕೆಲಸವನ್ನು ತರಗತಿಯ ಹಿಂದಿನ ದಿನವೇ ಮುಗಿಸಿಡಿ. ಲ್ಯಾಪ್‌ಟಾಪ್ ಇಲ್ಲದ ಕಡೆ ಆರ್ಡುಯಿನೋಡ್ರಾಯ್ಡ್ ಆ್ಯಪ್ ಮತ್ತು ಫೋನಿಗೆ ಯುಎಸ್‌ಬಿ ಸಾಧನ ಜೋಡಿಸುವ ಓಟಿಜಿ ಕೇಬಲ್ ಬಳಸಿ ಆಂಡ್ರಾಯ್ಡ್ ಫೋನಿನಿಂದಲೂ ಪ್ರೋಗ್ರಾಂ ತುಂಬಿಸಬಹುದು. ಬೋರ್ಡೇ ಇಲ್ಲದಿದ್ದರೆ ಟಿಂಕರ್‌ಕ್ಯಾಡ್ ಎಂಬ ಉಚಿತ ತಾಣದಲ್ಲಿ ಸರ್ಕಿಟ್ ಜೋಡಿಸಿ, ಕೋಡ್ ಬರೆದು ಓಡಿಸಿ ನೋಡಬಹುದು. ಆದರೆ ಅಲ್ಲಿ ತಂತಿ ಸಡಿಲವಾಗುವುದಿಲ್ಲ, ಬ್ಯಾಟರಿ ಇಳಿಯುವುದಿಲ್ಲ, ಆದ್ದರಿಂದ ಅದನ್ನು ಪೂರ್ವಾಭ್ಯಾಸಕ್ಕೆ ಮಾತ್ರ ಇಟ್ಟುಕೊಳ್ಳುವುದು ಸರಿ.

ಮೊದಲ ಕೆಲಸ ಎಲ್‌ಇಡಿ ಮಿಣುಕಿಸುವುದು. ಎಲ್‌ಇಡಿಯ ಜೊತೆ 220 ಓಮ್ ರೆಸಿಸ್ಟರ್ ಏಕೆ ಬೇಕೆಂದು ಓಮ್‌ನ ನಿಯಮ ಓದಿದ ಹತ್ತನೆಯ ತರಗತಿಯವರೇ ಲೆಕ್ಕ ಹಾಕಲಿ: 5 ವೋಲ್ಟ್‌ನಲ್ಲಿ ಸುಮಾರು 2 ವೋಲ್ಟ್ ಎಲ್‌ಇಡಿಗೆ ಹೋದರೆ ಉಳಿದ 3 ವೋಲ್ಟನ್ನು 220ರಿಂದ ಭಾಗಿಸಿದಾಗ ಸುಮಾರು 14 ಮಿಲಿ ಆಂಪಿಯರ್ ಬರುತ್ತದೆ, ಇದು ಒಂದು ಪಿನ್ನಿಗೆ ಸೂಚಿಸಿರುವ 20 ಮಿಲಿ ಆಂಪಿಯರ್ ಮಿತಿಯೊಳಗಿದೆ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಸೂತ್ರಕ್ಕೆ ಒಂದು ಕೆಲಸ ಸಿಕ್ಕಿತೆಂದು ಮಕ್ಕಳ ಮುಖ ಅರಳುವುದನ್ನು ನೋಡುವುದೇ ಒಂದು ಸಂತೋಷ. ಕೋಡಿನಲ್ಲಿ ಮಿಲಿ ಸೆಕೆಂಡುಗಳ ಲೆಕ್ಕದಲ್ಲಿರುವ ಕಾಯುವ ಅವಧಿಯ ಅಂಕಿಯನ್ನು ಸಾವಿರದಿಂದ ನೂರಕ್ಕೆ, ಇಪ್ಪತ್ತಕ್ಕೆ, ಐದಕ್ಕೆ ಇಳಿಸುತ್ತ ಹೋಗಿ, ಯಾವ ಹಂತದಲ್ಲಿ ಮಿಣುಕುವುದು ಕಣ್ಣಿಗೆ ಕಾಣದೆ ಸ್ಥಿರ ಬೆಳಕಿನಂತೆ ತೋರುತ್ತದೆ ಎಂದು ಗುರುತಿಸಲಿ.

ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಆಜ್ಞೆಗಳ ಭಯವಿರುತ್ತದೆ. ಅದಕ್ಕೆ ನಾನು ಕಂಡುಕೊಂಡ ಉಪಾಯವೆಂದರೆ, ಯಾವ ಪ್ರೋಗ್ರಾಂ ಆದರೂ ಮೊದಲು ನೋಟ್‌ಬುಕ್ಕಿನಲ್ಲಿ ಕನ್ನಡದ ಪೂರ್ಣ ವಾಕ್ಯಗಳಲ್ಲಿ ಬರೆಸುವುದು, ಕೋಡಿನಲ್ಲಿ ಪ್ರತಿ ಸಾಲಿನ ಪಕ್ಕ ಕನ್ನಡದಲ್ಲೇ ಟಿಪ್ಪಣಿ ಹಾಕಿಸುವುದು. ನಿಜವಾಗಿ ಕಲಿಯಬೇಕಾದ ಆಜ್ಞೆಗಳು ಹತ್ತು ಹದಿನೈದಕ್ಕಿಂತ ಹೆಚ್ಚಿಲ್ಲ. ಅಂತರ್ಜಾಲದಿಂದಾಗಲಿ, ಎಐ ಆ್ಯಪ್‌ಗಳಿಂದಾಗಲಿ ಸಿದ್ಧ ಕೋಡ್ ತಂದು ಅಂಟಿಸುವುದನ್ನು ಈ ಹಂತದಲ್ಲಿ ಬೇಡವೆನ್ನಿ. ಯಾವ ಸಾಲನ್ನು ತೋರಿಸಿದರೂ ಅದು ಏನು ಮಾಡುತ್ತದೆ ಎಂದು ಹೇಳಬಲ್ಲ ಮಗುವಿಗೆ ಮುಂದೆ ಆ ಸ್ವಾತಂತ್ರ್ಯ ಕೊಡಬಹುದು.

ಬಕೆಟ್, ಶಬ್ದ ಮತ್ತು ಎರಡು ಗೆರೆ

ನೀರನ್ನು ಮುಟ್ಟದೆ ಅಳೆಯಲು ಎಚ್‌ಸಿ-ಎಸ್‌ಆರ್ 04 ಎಂಬ ಅಲ್ಟ್ರಾಸಾನಿಕ್ ಸೆನ್ಸರ್ ಬಳಸುತ್ತೇವೆ. ಅದು ನಮ್ಮ ಕಿವಿಗೆ ಕೇಳದ 40 ಕಿಲೋ ಹರ್ಟ್ಸ್‌ನ ಶಬ್ದವನ್ನು ಕಳುಹಿಸಿ, ಪ್ರತಿಧ್ವನಿ ಮರಳಲು ಹಿಡಿದ ಸಮಯವನ್ನು ತಿಳಿಸುತ್ತದೆ. 2 ಸೆಂಟಿಮೀಟರಿನಿಂದ 4 ಮೀಟರಿನವರೆಗೆ ಅಳೆಯಬಲ್ಲದು. 20 ಡಿಗ್ರಿ ಉಷ್ಣತೆಯಲ್ಲಿ ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವುದರಿಂದ, ಹೋಗಿ ಬರುವ ಲೆಕ್ಕದಲ್ಲಿ ಒಂದು ಸೆಂಟಿಮೀಟರಿಗೆ ಸುಮಾರು 58 ಮೈಕ್ರೋ ಸೆಕೆಂಡು ಬೇಕು. ಈ 58ನ್ನು ಸಿದ್ಧ ಅಂಕಿಯಾಗಿ ಕೊಡಬೇಡಿ, ಮಕ್ಕಳೇ ಲೆಕ್ಕ ಹಾಕಿ ತೆಗೆಯಲಿ. ಮಂಡ್ಯದ ಏಪ್ರಿಲ್ ಮಧ್ಯಾಹ್ನದ 35 ಡಿಗ್ರಿಯಲ್ಲಿ ಶಬ್ದದ ವೇಗ ಸುಮಾರು 352 ಮೀಟರಿಗೆ ಏರುತ್ತದೆ. ಒಂದು ಮೀಟರ್ ದೂರವನ್ನು ಅಳೆಯುವಾಗ ಎರಡೂವರೆ ಸೆಂಟಿಮೀಟರಿನಷ್ಟು ವ್ಯತ್ಯಾಸ ಬರುವುದು ಇದರಿಂದ. ಮೀಟರ್ ಪಟ್ಟಿ ಹಿಡಿದು ತಾಳೆ ನೋಡುವ ಅಭ್ಯಾಸ ಇಲ್ಲಿಂದಲೇ ಆರಂಭವಾಗಲಿ.

ಅಗಲ ಬಾಯಿಯ ಬಕೆಟ್ ಅಥವಾ ಟಬ್ ತೆಗೆದುಕೊಂಡು, ಅದರ ಬಾಯಿಗೆ ಅಡ್ಡಲಾಗಿ ಒಂದು ಪಟ್ಟಿ ಇಟ್ಟು, ನಡುವೆ ಸೆನ್ಸರನ್ನು ಕೆಳಮುಖವಾಗಿ ಕಟ್ಟಿ. ಕಿರಿದಾದ ಪಾತ್ರೆಯಲ್ಲಿ ಶಬ್ದ ಗೋಡೆಗೆ ಬಡಿದು ತಪ್ಪು ಲೆಕ್ಕ ಕೊಡುತ್ತದೆ. ನೀರು ಎತ್ತಲು 5 ವೋಲ್ಟ್‌ನ ಪುಟ್ಟ ಮುಳುಗು ಪಂಪು ಸಿಗುತ್ತದೆ. ಅದನ್ನು ಎರಡನೆಯ ಬಕೆಟ್ಟಿನಲ್ಲಿ ಇಟ್ಟು, ರಿಲೇ ಮಾಡ್ಯೂಲ್ ಮೂಲಕ, ಪ್ರತ್ಯೇಕ ಬ್ಯಾಟರಿ ಅಥವಾ ಹಳೆಯ ಮೊಬೈಲ್ ಚಾರ್ಜರಿನಿಂದ ಓಡಿಸಬೇಕು. ಚಾರ್ಜರ್ ಬಳಸುವುದಾದರೆ ಅದು ಪ್ಲಗ್‌ನಲ್ಲಿಯೇ, ನೀರಿನಿಂದ ದೂರವಿರಲಿ. ಬೋರ್ಡಿನ ಪಿನ್ನಿಗೆ ಪಂಪನ್ನು ನೇರವಾಗಿ ಜೋಡಿಸಿದರೆ ಪಿನ್ ಸುಡುತ್ತದೆ. ಹಲವು ರಿಲೇ ಮಾಡ್ಯೂಲ್‌ಗಳು ‘ಲೋ’ (ಸೊನ್ನೆ ವೋಲ್ಟ್) ಕೊಟ್ಟಾಗ ಆನ್ ಆಗುತ್ತವೆ ಎಂಬುದನ್ನು ನೆನಪಿಡಿ, ಇಲ್ಲವಾದರೆ ಪಂಪು ತಿರುಗುಮುರುಗಾಗಿ ವರ್ತಿಸುವಂತೆ ಕಾಣುತ್ತದೆ.

ಮಕ್ಕಳು ಮೊದಲು ಬರೆಯುವ ಪ್ರೋಗ್ರಾಂ ಬಹುಮಟ್ಟಿಗೆ ಹೀಗಿರುತ್ತದೆ: ನೀರು 20 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಪಂಪ್ ಹಾಕು, ಇಲ್ಲವಾದರೆ ನಿಲ್ಲಿಸು. ಅದನ್ನು ತಿದ್ದಬೇಡಿ, ಓಡಿಸಲು ಬಿಡಿ. ನೀರು 20ರ ಹತ್ತಿರ ಬಂದ ಕೂಡಲೇ ಅಲೆಯ ಏರಿಳಿತಕ್ಕೆ ಸೆನ್ಸರಿನ ಲೆಕ್ಕ 19, 20, 19 ಎಂದು ಓಲಾಡಿ, ರಿಲೇ ಟಕಟಕ ಎನ್ನತೊಡಗುತ್ತದೆ. ಹೊಲದ ಮೋಟರು ಹೀಗೆ ಹಾಕಿ ತೆಗೆದರೆ ಏನಾಗುತ್ತದೆ ಎಂದು ಕೇಳಿ. ‘ಕಾಯಿಲ್ ಸುಟ್ಟೋಗುತ್ತೆ ಸಾರ್’ ಎಂಬ ಉತ್ತರ ತಡವಿಲ್ಲದೆ ಬರುತ್ತದೆ. ಆಟೋ ಸ್ಟಾರ್ಟರ್ ಏಕೆ ಕಾಯುತ್ತದೆ ಎಂದು ಹಲಗೆಯ ಮೂಲೆಯಲ್ಲಿ ಬರೆದಿಟ್ಟ ಪ್ರಶ್ನೆಗೂ ಅವರೇ ಇಲ್ಲಿ ಉತ್ತರ ಹೇಳುತ್ತಾರೆ: ಕರೆಂಟು ಬಂದ ಹೊಸದರಲ್ಲಿ ಹೋಗಿ ಬಂದು ಮಾಡುತ್ತದೆ, ಅದು ನಿಲ್ಲುವವರೆಗೆ ಕಾಯಬೇಕು. ನಮ್ಮ ಪಂಪಿಗೆ ಪರಿಹಾರ ಒಂದರ ಬದಲು ಎರಡು ಗೆರೆ ಹಾಕಿಕೊಳ್ಳುವುದು. 30 ಸೆಂಟಿಮೀಟರ್ ಎತ್ತರದ ಬಕೆಟ್ಟಿಗೆ ಕನ್ನಡದಲ್ಲಿ ಬರೆದ ಯೋಜನೆ ಹೀಗಿರಬಹುದು:

ದೂರವನ್ನು ಅಳೆ.
ನೀರಿನ ಮಟ್ಟ = ಬಕೆಟ್ಟಿನ ಎತ್ತರ − ದೂರ.
ಮಟ್ಟ 5 ಸೆಂ.ಮೀ.ಗಿಂತ ಕಡಿಮೆಯಾದರೆ ಪಂಪ್ ಹಾಕು.
ಮಟ್ಟ 20 ಸೆಂ.ಮೀ.ಗಿಂತ ಹೆಚ್ಚಾದರೆ ಪಂಪ್ ನಿಲ್ಲಿಸು.
ಎರಡರ ನಡುವೆ ಇದ್ದರೆ ಪಂಪ್ ಹೇಗಿದೆಯೋ ಹಾಗೇ ಇರಲಿ.
ಅರ್ಧ ಸೆಕೆಂಡು ಕಾದು, ಮತ್ತೆ ಮೊದಲಿನಿಂದ ಮಾಡು.

ಐದನೆಯ ಸಾಲಿನಲ್ಲಿರುವುದೇ ಈ ಇಡೀ ಕಲಿಕೆಯ ತಿರುಳು, ಏಕೆಂದರೆ ಅಲ್ಲಿ ಯಂತ್ರ ಈಗಿನ ಅಳತೆಯ ಜೊತೆಗೆ ಹಿಂದಿನ ಸ್ಥಿತಿಯನ್ನೂ ನೆನಪಿಟ್ಟುಕೊಂಡು ನಡೆಯುತ್ತಿದೆ. ಫ್ರಿಜ್ಜೂ ಇಸ್ತ್ರಿಪೆಟ್ಟಿಗೆಯೂ ಕೆಲಸ ಮಾಡುವುದು ಇದೇ ರೀತಿ ಎಂದು ಮೊದಲ ದಿನದ ಪಟ್ಟಿಯನ್ನು ತೆಗೆದು ತೋರಿಸಿ.

ಇದು ಸರಿಯಾಗಿ ನಡೆದ ಮೇಲೆ ಬೇಕೆಂದೇ ಕೆಡಿಸಿ ನೋಡಬೇಕು. ಸೆನ್ಸರಿನ ಪ್ರತಿಧ್ವನಿಯ ಸಮಯ ತಿಳಿಸುವ ಎಕೋ ತಂತಿಯನ್ನು ಕಿತ್ತರೆ ಪ್ರೋಗ್ರಾಂಗೆ ಸಾಮಾನ್ಯವಾಗಿ ಸೊನ್ನೆ ಸಿಗುತ್ತದೆ. ದೂರ ಸೊನ್ನೆ ಎಂದರೆ ಬಕೆಟ್ ತುಂಬಿದೆ ಎಂದು ತಿಳಿದು ಪಂಪ್ ನಿಲ್ಲುತ್ತದೆ. ಮೇಲಿನ ಟ್ಯಾಂಕಿನ ಮಟ್ಟಿಗೆ ಇದು ಕ್ಷೇಮ. ಆದರೆ ಇದೇ ಸೆನ್ಸರನ್ನು ಸಂಪಿಗೆ ಇಟ್ಟು, ಸಂಪಿನಲ್ಲಿ ನೀರಿದ್ದರೆ ಮಾತ್ರ ಮೋಟರು ಓಡಲಿ ಎಂದು ಬರೆದಿದ್ದರೆ, ತಂತಿ ಕಿತ್ತಾಗ ಸಂಪು ತುಂಬಿದೆ ಎಂದು ನಂಬಿ ಮೋಟರು ಒಣಗಿಯೇ ಓಡುತ್ತಿತ್ತು. ಯಾವ ತಂತಿ ತುಂಡಾದರೆ ಯಂತ್ರ ಯಾವ ಕಡೆ ತಪ್ಪುತ್ತದೆ ಎಂದು ಯೋಚಿಸುವ ಈ ಅಭ್ಯಾಸವನ್ನು ಕಾಲೇಜಿನವರೆಗೆ ಮುಂದೂಡಬಾರದು. ಹದಿನಾಲ್ಕರ ಮಕ್ಕಳಿಗೆ ಇದು ಚೆನ್ನಾಗಿಯೇ ಅರ್ಥವಾಗುತ್ತದೆ.

ಒಂದು ಮಾತನ್ನು ಕಟ್ಟುನಿಟ್ಟಾಗಿ ಹೇಳಬೇಕಾಗಿದೆ. ಮನೆಯ 230 ವೋಲ್ಟ್ ಮೋಟರಿಗಾಗಲಿ, ಹೊಲದ ತ್ರೀ ಫೇಸ್ ಪಂಪ್‌ಸೆಟ್ಟಿಗಾಗಲಿ ಮಕ್ಕಳು ತಮ್ಮ ರಿಲೇಯನ್ನು ಜೋಡಿಸಬಾರದು. ನೀರು ಮತ್ತು ಮೇನ್ಸ್ ಕರೆಂಟು ಒಟ್ಟಿಗಿರುವ ಕಡೆ ಪ್ರಯೋಗಕ್ಕೆ ಎಡೆಯಿಲ್ಲ. ಮನೆಯ ಟ್ಯಾಂಕಿಗೆ ಬೇಕೆಂದರೆ ಬ್ಯಾಟರಿಯಲ್ಲಿ ನಡೆಯುವ ಬಜರ್ ಮಾತ್ರ ಇಡಲಿ, ಸ್ವಿಚ್ ಆರಿಸುವ ಕೆಲಸ ಮನೆಯವರದಾಗಿರಲಿ.

ಗೆರೆ ಹಿಡಿದು ಓಡುವ ಗಾಡಿ

ಚಲಿಸುವ ರೋಬೋಟಿಗೆ ಈಗ ಮಕ್ಕಳು ಸಿದ್ಧರಾಗಿದ್ದಾರೆ. ಗೇರ್ ಇರುವ ಹಳದಿ ಬಿ.ಓ. ಮೋಟರು ಎರಡು, ಅವುಗಳ ಚಕ್ರ, ಮುಂದಕ್ಕೊಂದು ಎಲ್ಲ ಕಡೆಗೂ ತಿರುಗುವ ಕ್ಯಾಸ್ಟರ್ ಚಕ್ರ, ಬೋರ್ಡಿನ ಆಜ್ಞೆಯಂತೆ ಮೋಟರಿಗೆ ಕರೆಂಟು ಕೊಡುವ ಎಲ್ 298 ಎನ್ ಮೋಟರ್ ಡ್ರೈವರ್, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಿಂದ ಕಪ್ಪು ಬಿಳಿ ಗುರುತಿಸುವ ಐಆರ್ ಸೆನ್ಸರ್ ಎರಡು ಸಾಕು. ಚಾಸಿಸ್ (ಗಾಡಿಯ ತಳದ ಚೌಕಟ್ಟು) ಕೊಳ್ಳುವ ಬದಲು ದಪ್ಪ ರಟ್ಟು ಅಥವಾ ಫೋಮ್ ಬೋರ್ಡನ್ನು ಕತ್ತರಿಸಿ ಮಾಡಿಸಿ. ಭಾರ ಎಲ್ಲಿರಬೇಕು, ಚಕ್ರಗಳು ಸಮಾನಾಂತರವಾಗಿ ಏಕಿರಬೇಕು ಎಂಬುದು ರಟ್ಟು ಕತ್ತರಿಸಿದ ಕೈಗೆ ತಿಳಿಯುತ್ತದೆ. ಬಿಳಿ ಚಾರ್ಟ್ ಹಾಳೆಯ ಮೇಲೆ ಕರಿಯ ಇನ್ಸುಲೇಷನ್ ಟೇಪ್ ಅಂಟಿಸಿದರೆ ದಾರಿ ಸಿದ್ಧವಾಯಿತು.

ಇಲ್ಲಿ ಬಹಳ ತಂಡಗಳು ಎಡವುವುದು ಬ್ಯಾಟರಿಯಲ್ಲಿ. ಚೌಕಾಕಾರದ 9 ವೋಲ್ಟ್ ಬ್ಯಾಟರಿ ಎಲ್‌ಇಡಿಗೆ ಸರಿ, ಎರಡು ಮೋಟರಿಗೆ ಬೇಕಾದ ಕರೆಂಟನ್ನು ಅದು ಕೊಡಲಾರದು. ಮೋಟರು ತಿರುಗಲು ಹೊರಟ ಕ್ಷಣ ವೋಲ್ಟೇಜ್ ಕುಸಿದು ಬೋರ್ಡ್ ಮತ್ತೆ ಮೊದಲಿನಿಂದ ಶುರುವಾಗುತ್ತದೆ, ಗಾಡಿ ಬಿಕ್ಕಳಿಸಿದಂತೆ ಕುಪ್ಪಳಿಸುತ್ತದೆ. ಎಲ್ 298 ಎನ್ ತಾನೇ ಸುಮಾರು 2 ವೋಲ್ಟ್ ನುಂಗುವುದರಿಂದ 6 ವೋಲ್ಟ್‌ನ ನಾಲ್ಕು ಸೆಲ್ ಹಾಕಿದರೂ ಮೋಟರಿಗೆ ತಲುಪುವುದು 4 ವೋಲ್ಟ್ ಮಾತ್ರ. ಹೋಲ್ಡರಿನಲ್ಲಿ ಕೂರಿಸಿದ ಎರಡು 18650 ಲಿಥಿಯಂ ಸೆಲ್‌ಗಳ 7.4 ವೋಲ್ಟ್ ಚೆನ್ನಾಗಿ ಹೊಂದುತ್ತದೆ. ಆದರೆ ಅವುಗಳ ಎರಡು ತುದಿ ತಾಗಿದರೆ ಬೆಂಕಿ ಹತ್ತುವ ಅಪಾಯವಿರುವುದರಿಂದ, ಚಾರ್ಜ್ ಮಾಡುವುದೂ ಕೂಡಿಡುವುದೂ ದೊಡ್ಡವರ ಜವಾಬ್ದಾರಿಯಾಗಿರಲಿ. ಬ್ಯಾಟರಿ, ಡ್ರೈವರ್, ಬೋರ್ಡು ಮೂರರ ಗ್ರೌಂಡ್ (ನೆಗೆಟಿವ್) ತಂತಿಗಳು ಒಂದುಗೂಡಿರಬೇಕು. ಏನೂ ಕೆಲಸ ಮಾಡದ ಗಾಡಿಯಲ್ಲಿ ನಾನು ಮೊದಲು ನೋಡುವುದು ಇದನ್ನೇ.

ಗೆರೆಯ ಎರಡೂ ಬದಿಗೆ ಒಂದೊಂದು ಸೆನ್ಸರ್ ಬರುವಂತೆ ಕೂರಿಸಿದರೆ ನಾಲ್ಕೇ ಸಂದರ್ಭಗಳು ಉಳಿಯುತ್ತವೆ. ಎರಡಕ್ಕೂ ಬಿಳಿ ಕಂಡರೆ ನೇರ ಹೋಗಬೇಕು. ಎಡಗಡೆಯದಕ್ಕೆ ಕಪ್ಪು ಕಂಡರೆ ಗಾಡಿ ಬಲಕ್ಕೆ ಜಾರಿದೆ ಎಂದರ್ಥ, ಎಡಕ್ಕೆ ತಿರುಗಬೇಕು. ಬಲಗಡೆಯದಕ್ಕೆ ಕಂಡರೆ ಬಲಕ್ಕೆ. ಎರಡಕ್ಕೂ ಕಪ್ಪಾದರೆ ನಿಲ್ಲಬೇಕು. ಈ ಕೋಷ್ಟಕವನ್ನು ಕಾಗದದಲ್ಲಿ ಬರೆದು, ಗಾಡಿಯನ್ನು ಕೈಯಲ್ಲಿ ಹಿಡಿದು ಗೆರೆಯ ಮೇಲೆ ಸರಿಸುತ್ತ ಸರಿಯೇ ಎಂದು ನೋಡಿದ ನಂತರವೇ ಕೋಡ್‌ಗೆ ಹೋಗಲಿ. ಎರಡು ಮೋಟರು ಒಂದೇ ವೇಗದಲ್ಲಿ ತಿರುಗುವುದು ಅಪರೂಪ. ಡ್ರೈವರಿನ ಎನೇಬಲ್ ಪಿನ್‌ಗಳ ಮೇಲಿರುವ ಜಂಪರ್ ಎಂಬ ಪುಟ್ಟ ಟೋಪಿಗಳನ್ನು ತೆಗೆದು, ಆ ಪಿನ್‌ಗಳನ್ನು ಬೋರ್ಡಿನ ಪಿಡಬ್ಲ್ಯುಎಂ (ಬೇಗಬೇಗ ಆನ್ ಆಫ್ ಮಾಡಿ ಶಕ್ತಿಯನ್ನು ಹೆಚ್ಚು ಕಡಿಮೆ ಮಾಡುವ) ಪಿನ್‌ಗಳಿಗೆ ಜೋಡಿಸಿದರೆ 0ಯಿಂದ 255ರವರೆಗಿನ ಅಂಕಿಗಳಿಂದ ವೇಗವನ್ನು ಸರಿದೂಗಿಸಬಹುದು. ಕಿಟಕಿಯಿಂದ ಬಿಸಿಲು ಬೀಳುವ ಕಡೆ ಐಆರ್ ಸೆನ್ಸರ್ ದಿಕ್ಕು ತಪ್ಪುತ್ತದೆ, ಬೆಳಿಗ್ಗೆ ಓಡಿದ ಗಾಡಿ ಮಧ್ಯಾಹ್ನ ಹಟ ಹಿಡಿಯಲು ಅದೂ ಒಂದು ಕಾರಣ.

ಕೆಟ್ಟಾಗ, ಮತ್ತು ಕೈ ಯಾರದು ಎಂಬುದು

ಕೆಟ್ಟದ್ದನ್ನು ಹುಡುಕುವುದಕ್ಕೆ ಒಂದು ಕ್ರಮ ಬೇಕು: ಮೊದಲು ಬ್ಯಾಟರಿಯ ವೋಲ್ಟೇಜ್, ಆಮೇಲೆ ಗ್ರೌಂಡ್, ಸಡಿಲ ತಂತಿ, ಕೋಡಿನಲ್ಲಿ ಬರೆದ ಪಿನ್ ಸಂಖ್ಯೆಯೂ ನಿಜವಾಗಿ ಜೋಡಿಸಿದ ಪಿನ್ನೂ ಒಂದೇ ಆಗಿದೆಯೇ ಎಂಬುದು, ಕೊನೆಯಲ್ಲಿ ಕೋಡಿನ ತರ್ಕ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಸೆನ್ಸರ್ ಏನು ಹೇಳುತ್ತಿದೆ ಎಂಬುದನ್ನು ಬೋರ್ಡ್ ಕಳುಹಿಸುವ ಅಂಕಿಗಳನ್ನು ಕಂಪ್ಯೂಟರಿನಲ್ಲಿ ತೋರಿಸುವ ಸೀರಿಯಲ್ ಮಾನಿಟರಿನಲ್ಲಿ ಓದುವುದನ್ನು ಮೊದಲ ವಾರದಲ್ಲೇ ಕಲಿಸಿ. ವೋಲ್ಟೇಜ್, ಕರೆಂಟು ಅಳೆಯಲು ಶಾಲೆಗೊಂದು ಸಾಧಾರಣ ಮಲ್ಟಿಮೀಟರ್ ಇರಲಿ. ಹತ್ತು ಸೆನ್ಸರ್ ಕೊಳ್ಳುವ ಹಣದಲ್ಲಿ ಎರಡನ್ನು ಕಡಿಮೆ ಮಾಡಿಯಾದರೂ ಅದನ್ನು ಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ದೊಡ್ಡವರಿಗೆ ಅತ್ಯಂತ ಕಷ್ಟದ ಕೆಲಸವೆಂದರೆ ಕೈ ಕಟ್ಟಿಕೊಂಡು ನಿಲ್ಲುವುದು. ಮಗು ಒದ್ದಾಡುತ್ತಿರುವಾಗ ತಂತಿಯನ್ನು ನಾವೇ ಸರಿಯಾದ ರಂಧ್ರಕ್ಕೆ ಚುಚ್ಚಿಬಿಟ್ಟರೆ ಗಾಡಿ ಓಡುತ್ತದೆ, ಕಲಿಕೆ ನಿಲ್ಲುತ್ತದೆ. ‘ಈಗ ಏನಾಗಬೇಕಿತ್ತು? ಏನಾಯಿತು?’ ಎಂಬ ಎರಡು ಪ್ರಶ್ನೆ ಕೇಳಿ ಸುಮ್ಮನಿರಿ. ಗುಂಪಿನಲ್ಲಿ ಮೂವರಿಗಿಂತ ಹೆಚ್ಚು ಬೇಡ. ತಂತಿ ಜೋಡಿಸುವವರು, ಟೈಪ್ ಮಾಡುವವರು, ನೋಟ್‌ಬುಕ್ ಬರೆಯುವವರು ಎಂದು ಹಂಚಿ, ಅರ್ಧ ಗಂಟೆಗೊಮ್ಮೆ ಬದಲಿಸಿ. ಹೀಗೆ ಮಾಡದಿದ್ದರೆ ಹುಡುಗರು ಸ್ಕ್ರೂಡ್ರೈವರ್ ಹಿಡಿದು, ಹುಡುಗಿಯರು ಅಂದವಾದ ಅಕ್ಷರದಲ್ಲಿ ನೋಟ್ಸ್ ಬರೆಯುತ್ತ ಉಳಿದುಬಿಡುತ್ತಾರೆ. ಇದನ್ನು ತಡೆಯುವುದು ಕಲಿಸುವವರ ಕರ್ತವ್ಯ.

ಜಾಗ ಮತ್ತು ಸಮಯ

ನೀತಿ ಆಯೋಗದ ಅಟಲ್ ಇನ್ನೋವೇಷನ್ ಮಿಷನ್ 2016ರಿಂದ ಆಯ್ದ ಶಾಲೆಗಳಲ್ಲಿ 6ರಿಂದ 12ನೆಯ ತರಗತಿಯವರಿಗಾಗಿ ಅಟಲ್ ಟಿಂಕರಿಂಗ್ ಲ್ಯಾಬ್‌ಗಳನ್ನು ಸ್ಥಾಪಿಸುತ್ತ ಬಂದಿದೆ. ನಿಮ್ಮ ಶಾಲೆಯಲ್ಲೋ ಪಕ್ಕದ ಶಾಲೆಯಲ್ಲೋ ಅದಿದ್ದರೆ ಸಾಮಾನಿನ ಚಿಂತೆ ಬಹುಮಟ್ಟಿಗೆ ತೀರಿತು. ಬೀಗ ತೆಗೆಸಿ ಬಳಸುವುದೊಂದೇ ಬಾಕಿ. ಮೈಸೂರಿನಲ್ಲಿ 1946ರಲ್ಲಿ ಆರಂಭವಾದ ಎನ್‌ಐಇ, ಮಂಡ್ಯದಲ್ಲಿ 1962ರಲ್ಲಿ ಆರಂಭವಾದ ಪಿಇಎಸ್ ಎಂಜಿನಿಯರಿಂಗ್ ಕಾಲೇಜುಗಳಂತಹ ಕಡೆ ಓದುವ ನಿಮ್ಮ ಊರಿನ ಹುಡುಗ ಹುಡುಗಿಯರನ್ನು ಒಂದು ಶನಿವಾರ ಬಂದು ಹೋಗುವಂತೆ ಕೇಳಿ. ತಮ್ಮದೇ ಶಾಲೆಯಲ್ಲಿ ಓದಿದವರ ಮಾತನ್ನು ಮಕ್ಕಳು ಬೇರೆ ರೀತಿಯಲ್ಲಿ ಕೇಳಿಸಿಕೊಳ್ಳುತ್ತಾರೆ. ಎಸ್ಸೆಸ್ಸೆಲ್ಸಿ ಮಕ್ಕಳನ್ನು ಜನವರಿಯ ನಂತರ ಎಳೆಯಬೇಡಿ. ದಸರಾ ರಜೆ ಮತ್ತು ಬೇಸಿಗೆ ರಜೆ ಇದಕ್ಕೆ ಹೇಳಿ ಮಾಡಿಸಿದ ಕಾಲ.

ಗಾಡಿ ಗೆರೆ ಹಿಡಿದು ಓಡಿದ ಮೇಲೆ ಮುಂದಿನ ಕೆಲಸವನ್ನು ಮಕ್ಕಳೇ ಆರಿಸಿಕೊಳ್ಳಲಿ. ನಾಟಿ ಗದ್ದೆಯಲ್ಲಿ ನಿಂತ ನೀರಿನ ಮಟ್ಟ, ಕೊಟ್ಟಿಗೆಯ ಸೆಕೆ, ಅಜ್ಜಿ ಔಷಧಿ ತೆಗೆದುಕೊಳ್ಳುವುದನ್ನು ನೆನಪಿಸುವ ಡಬ್ಬಿ, ಇಂಥವೆಲ್ಲ ಆಗಬಹುದು. ಆಲೆಮನೆಯ ಕೊಪ್ಪರಿಗೆಯ ಬಿಸಿ ಅಳೆಯುತ್ತೇವೆಂದು ಹೊರಟರೆ ತಡೆಯಿರಿ, ಕುದಿಯುವ ಪಾಕದ ಬಳಿ ಮಕ್ಕಳಿಗೆ ಕೆಲಸವಿಲ್ಲ. ಆರಿಸಿಕೊಂಡ ಕೆಲಸದಿಂದ ಉಪಯೋಗ ಪಡೆಯುವ ಒಬ್ಬ ವ್ಯಕ್ತಿಯ ಹೆಸರು ನೋಟ್‌ಬುಕ್ಕಿನ ಮೊದಲ ಪುಟದಲ್ಲಿರಬೇಕು. ಮಾಡಿದ್ದನ್ನು ಆ ವ್ಯಕ್ತಿಗೆ ಒಂದು ವಾರ ಬಳಸಲು ಕೊಟ್ಟು, ಅವರು ಹೇಳುವ ಎಲ್ಲ ದೂರುಗಳನ್ನೂ ಒಂದೂ ಬಿಡದೆ ಬರೆದುಕೊಂಡು ಬರಲು ಹೇಳಿ. ಆ ದೂರುಗಳಲ್ಲಿ ಯಾವುದನ್ನು ಮೊದಲು ಸರಿಪಡಿಸಬೇಕೆಂದು ತಂಡವೇ ಕುಳಿತು ತೀರ್ಮಾನಿಸಿ, ಮುಂದಿನ ಶನಿವಾರ ಅಲ್ಲಿಂದ ಕೆಲಸ ಶುರು ಮಾಡಲಿ.